ಹಳೆಯ ಕಾರು ಆಯಿಲ್ ಕುಡಿಯುತ್ತಿದ್ದರೆ: ಅಳತೆಯಿಂದ ದುರಸ್ತಿಯವರೆಗೆ ಸಮಗ್ರ ಮಾರ್ಗದರ್ಶಿ

ಹೆಚ್ಚು ಓಡಿದ ಕಾರಿನಲ್ಲಿ ಮುಂದಿನ ಸರ್ವಿಸ್‌ಗೆ ಇನ್ನೂ ಸಾಕಷ್ಟು ಸಮಯವಿರುವಾಗಲೇ ಆಯಿಲ್ ಮಟ್ಟ ಇಳಿದಿದ್ದರೆ ಮಾಲೀಕರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. “ಹಳೆಯ ಗಾಡಿ, ಸ್ವಲ್ಪ ಆಯಿಲ್ ಕುಡಿಯುತ್ತದೆ, ಬಿಡಿ” ಎಂಬುದು ಒಂದು. “ರಿಂಗ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು” ಎಂಬುದು ಇನ್ನೊಂದು. ಎಷ್ಟು ಆಯಿಲ್ ಹೋಗುತ್ತಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದನ್ನು ನೋಡದೆ ಹೇಳಿದ್ದಾದರೆ ಈ ಎರಡೂ ಉತ್ತರಗಳನ್ನು ನಂಬಬೇಕಾಗಿಲ್ಲ. ಬೆರಳಿನ ಗಾತ್ರದ ಒಂದು ವಾಲ್ವ್ ಬದಲಿಸಿದರೆ ನಿಲ್ಲಬಹುದಾದ ತೊಂದರೆಗೆ ಎಂಜಿನ್ ಬಿಚ್ಚುವುದು ವ್ಯರ್ಥ. ನಿಜವಾಗಿಯೂ ರಿಂಗ್ ಅಂಟಿಕೊಂಡಿರುವ ಎಂಜಿನ್‌ಗೆ ಸೀಲ್ ಹಾಕುತ್ತ ಕೂರುವುದೂ ಅಷ್ಟೇ ವ್ಯರ್ಥ. ಆದ್ದರಿಂದ ಇಲ್ಲಿನ ಹಂತಗಳನ್ನು ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಯ ಕಡೆಗೆ ಜೋಡಿಸಲಾಗಿದೆ, ಮತ್ತು ಆ ಕ್ರಮವನ್ನು ಬದಲಿಸದಿರುವುದು ಒಳ್ಳೆಯದು.

ಆಯಿಲ್ ಹೋಗುವ ದಾರಿಗಳು

ಆಯಿಲ್ ಹೊರಗೆ ಸೋರಬಹುದು, ಸಿಲಿಂಡರಿನೊಳಗೆ ಹೋಗಿ ಉರಿಯಬಹುದು ಅಥವಾ ಕೂಲಂಟ್‌ನೊಂದಿಗೆ ಬೆರೆಯಬಹುದು. ಮೂರನೆಯದು ಅಪರೂಪ, ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಗೊಂದಲವೆಲ್ಲ ಎರಡನೆಯದರಲ್ಲೇ ಇದೆ, ಏಕೆಂದರೆ ಸಿಲಿಂಡರಿನೊಳಗೆ ಆಯಿಲ್ ನುಗ್ಗಲು ನಾಲ್ಕು ಬೇರೆ ಬೇರೆ ಬಾಗಿಲುಗಳಿವೆ: ಕೆಳಗಿನಿಂದ ಪಿಸ್ಟನ್ ರಿಂಗ್‌ಗಳ ಪಕ್ಕದಲ್ಲಿ, ಮೇಲಿನಿಂದ ವಾಲ್ವ್ ಕಾಂಡದ ಸೀಲ್‌ಗಳ ಮೂಲಕ, ಪಿಸ್ಟನ್‌ಗಳ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಯಾದ ಕ್ರ್ಯಾಂಕ್‌ಕೇಸಿನ ಹಬೆಯನ್ನು ಮತ್ತೆ ಎಂಜಿನ್‌ಗೆ ಎಳೆಯುವ ಪಿಸಿವಿ ವ್ಯವಸ್ಥೆಯ ಮೂಲಕ ಮತ್ತು ಟರ್ಬೊ ಇರುವ ಕಾರುಗಳಲ್ಲಿ ಟರ್ಬೊ ಶಾಫ್ಟಿನ ಸೀಲ್‌ಗಳ ಮೂಲಕ.

ಇವುಗಳಲ್ಲಿ ರಿಂಗ್‌ಗಳ ಕೆಲಸವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳಬೇಕು. ಸಾಮಾನ್ಯ ಪಿಸ್ಟನ್ ಒಂದರಲ್ಲಿ ಮೂರು ರಿಂಗ್‌ಗಳಿರುತ್ತವೆ. ಮೇಲಿನ ಎರಡು ಮುಖ್ಯವಾಗಿ ಉರಿದ ಅನಿಲದ ಒತ್ತಡವನ್ನು ತಡೆದರೆ, ಮೂರನೆಯದಾದ ಆಯಿಲ್ ರಿಂಗ್ ಬೋರಿನ, ಅಂದರೆ ಸಿಲಿಂಡರಿನ ಒಳ, ಗೋಡೆಗೆ ಅಂಟಿದ ಹೆಚ್ಚುವರಿ ಆಯಿಲನ್ನು ಕೆರೆದು, ತಾನು ಕೂರುವ ತೋಡಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ಕೆಳಗಿನ ಸಂಪ್‌ಗೆ, ಅಂದರೆ ಗ್ಯಾರೇಜಿನವರು ಚೇಂಬರ್ ಎನ್ನುವ ಭಾಗಕ್ಕೆ, ಹಿಂದಿರುಗಿಸುತ್ತದೆ. ಆಯಿಲ್ ಬದಲಾವಣೆಯನ್ನು ಮುಂದೂಡುತ್ತ ಹೋದರೆ, ಅಥವಾ ಎಂಜಿನ್ ಪೂರ್ತಿ ಬಿಸಿಯಾಗದಷ್ಟು ಚಿಕ್ಕ ಓಡಾಟಗಳಲ್ಲೇ ಕಾರು ಕಾಲ ಕಳೆದರೆ, ಕೆಟ್ಟ ಆಯಿಲ್ ಆ ರಂಧ್ರಗಳಲ್ಲಿ ಕರಕಲಾಗಿ ಗಟ್ಟಿಗೊಂಡು, ಆಯಿಲ್ ರಿಂಗ್ ತೋಡಿನಲ್ಲೇ ಅಂಟಿಕೊಳ್ಳುತ್ತದೆ. ಇಂಧನ ಮಿತವ್ಯಯಕ್ಕಾಗಿ ಕಡಿಮೆ ಬಿಗುವಿನ ರಿಂಗ್‌ಗಳನ್ನು ಬಳಸಿದ ಎಂಜಿನ್‌ಗಳಲ್ಲಿ ಈ ತೊಂದರೆ ಬೇಗ ತಲೆದೋರುತ್ತದೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ರಿಂಗ್ ಸವೆದಿರುವುದು ಬೇರೆ, ಅಂಟಿಕೊಂಡಿರುವುದು ಬೇರೆ. ಅಂಟಿದ್ದನ್ನು ಕೆಲವೊಮ್ಮೆ ಎಂಜಿನ್ ಬಿಚ್ಚದೆಯೇ ಬಿಡಿಸಬಹುದು.

ಹಂತ 1: ಸರಿಯಾಗಿ ಅಳೆಯಿರಿ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಾಗಿದ್ದರೆ ಆರಿಸಿದ ಮೇಲೆ 5ರಿಂದ 10 ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಹೊರತೆಗೆದು ಒರೆಸಿ, ಪೂರ್ತಿಯಾಗಿ ಒಳಗೆ ಇಳಿಸಿ, ಮತ್ತೆ ತೆಗೆದು ಓದಿರಿ. ಎರಡು ಬದಿಗಳಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕಡಿಮೆಯಿರುವುದನ್ನೇ ನಂಬಿರಿ. ಬಿಸಿಯಿದ್ದಾಗ ನೋಡಬೇಕೋ ತಣ್ಣಗಿದ್ದಾಗ ನೋಡಬೇಕೋ ಎಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಯಾವುದನ್ನು ಆರಿಸಿಕೊಂಡರೂ ಪ್ರತಿ ಸಲವೂ ಅದೇ ಜಾಗ, ಅದೇ ಸ್ಥಿತಿ ಇರಬೇಕು, ಇಲ್ಲವಾದರೆ ಎರಡು ಅಳತೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಬಳಕೆಯ ಲೆಕ್ಕ ಹೀಗೆ: ಆಯಿಲನ್ನು ಮೇಲಿನ ಗುರುತಿನವರೆಗೆ ತುಂಬಿ, ಓಡಿದ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. 1,000 ಕಿಲೋಮೀಟರ್ ಓಡಿಸಿದ ನಂತರ ಅದೇ ಗುರುತಿಗೆ ಬರುವಷ್ಟು ಆಯಿಲ್ ಹಾಕಿ, ಹಾಕಿದ ಪ್ರಮಾಣವನ್ನು ಬರೆಯಿರಿ. ಡಬ್ಬಿಯ ಮೇಲಿನ ಗೆರೆಗಳಿಗಿಂತ ತೂಕ ಹೆಚ್ಚು ನಿಖರ; ಎಂಜಿನ್ ಆಯಿಲ್ ಲೀಟರಿಗೆ ಸುಮಾರು 850 ಗ್ರಾಂ ತೂಗುವುದರಿಂದ, ಹಾಕುವ ಮೊದಲು ಮತ್ತು ಅನಂತರ ಡಬ್ಬಿಯನ್ನು ತೂಗಿದರೆ ಸಾಕು. ಇದನ್ನು ಒಮ್ಮೆ ಮಾಡಿ ನಿಲ್ಲಿಸದೆ ಎರಡು ಮೂರು ಸಲ ಮಾಡಬೇಕು. ಹೊಸ ಆಯಿಲಿನ ಹಗುರವಾದ ಅಂಶ ಮೊದಲ ದಿನಗಳಲ್ಲೇ ಆವಿಯಾಗುವುದರಿಂದ, ಬದಲಾಯಿಸಿದ ಕೂಡಲೇ ಸಿಕ್ಕ ಅಳತೆ ಸ್ವಲ್ಪ ಹೆಚ್ಚಾಗಿಯೇ ಇರಬಹುದು.

ಎಷ್ಟು ಹೋದರೆ ಹೆಚ್ಚು? 1,000 ಕಿಲೋಮೀಟರಿಗೆ ಅರ್ಧ ಲೀಟರ್, ಕೆಲವೆಡೆ 1 ಲೀಟರಿನವರೆಗೂ ಹೋದರೆ ತೊಂದರೆಯಿಲ್ಲ ಎಂದು ಕೈಪಿಡಿಯಲ್ಲಿ ಬರೆಯುವ ತಯಾರಕರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ವಾರಂಟಿಯ ಗಡಿರೇಖೆಯೇ ಹೊರತು ಎಂಜಿನ್ನಿನ ಆರೋಗ್ಯದ ಗಡಿರೇಖೆಯಲ್ಲ. ಆ ದರದಲ್ಲಿ 10,000 ಕಿಲೋಮೀಟರ್ ಓಡುವಷ್ಟರಲ್ಲಿ 10 ಲೀಟರ್ ಆಯಿಲ್ ಉರಿದಿರುತ್ತದೆ, ಅಂದರೆ 4 ಲೀಟರಿನ ಸಂಪ್ ಎರಡೂವರೆ ಸಲ ಬರಿದಾದಂತೆ. ಹಳೆಯ ಎಂಜಿನ್ 5,000 ಕಿಲೋಮೀಟರಿಗೆ 1 ಲೀಟರಿನೊಳಗೆ ಉಳಿದರೆ ನಿಶ್ಚಿಂತೆಯಿಂದ ಇರಬಹುದು. 2,000 ಕಿಲೋಮೀಟರಿಗೇ 1 ಲೀಟರ್ ಆದರೆ ಕಾರಣ ಹುಡುಕಬೇಕು. 1,000ಕ್ಕೆ 1 ಲೀಟರ್ ಆದರೆ ತಡಮಾಡಬಾರದು. ರೋಟರಿ ಎಂಜಿನ್‌ಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವುಗಳ ವಿನ್ಯಾಸದಲ್ಲೇ ಆಯಿಲನ್ನು ಉರಿಯುವ ಕೋಣೆಗೆ ಬಿಡಲಾಗುತ್ತದೆ.

ಮಟ್ಟ ಇಳಿಯದಿರುವುದೂ ಕೆಲವೊಮ್ಮೆ ಮೋಸವೇ. ಸಣ್ಣ ಓಡಾಟದ ಪೆಟ್ರೋಲ್ ಕಾರಿನಲ್ಲಿ, ಅಥವಾ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಪದೇ ಪದೇ ಶುದ್ಧವಾಗಲು ಯತ್ನಿಸಿ ವಿಫಲವಾಗುವ ಡೀಸೆಲ್ ಕಾರಿನಲ್ಲಿ, ಉರಿಯದ ಇಂಧನ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಆಗ ಮಟ್ಟ ಹಾಗೆಯೇ ಇರುತ್ತದೆ ಅಥವಾ ಏರುತ್ತದೆ, ಆದರೆ ಆಯಿಲ್ ತೆಳುವಾಗಿ ಬೇರಿಂಗ್‌ಗಳನ್ನು ಕಾಪಾಡುವ ಶಕ್ತಿ ಕಳೆದುಕೊಂಡಿರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಇಂಧನದ ವಾಸನೆ ಬಂದರೆ ಅಥವಾ ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ, ಮೊದಲು ಆಯಿಲ್ ಬದಲಿಸಿ ಅನಂತರವೇ ಅಳತೆ ಆರಂಭಿಸಬೇಕು.

ಹಂತ 2: ಹೊರಗಿನ ಸೋರಿಕೆಯನ್ನು ಹುಡುಕಿರಿ

ರಾತ್ರಿ ಕಾರಿನಡಿ ದೊಡ್ಡ ರಟ್ಟಿನ ಹಾಳೆ ಹಾಸಿ ಬೆಳಿಗ್ಗೆ ನೋಡಿರಿ. ಕಂದು ಅಥವಾ ಕಪ್ಪು ಜಿಡ್ಡಿನ ಕಲೆ ಎಂಜಿನ್ ಆಯಿಲಿನದು, ಕೆಂಪು ಹೆಚ್ಚಾಗಿ ಗೇರ್‌ಬಾಕ್ಸ್ ಅಥವಾ ಪವರ್ ಸ್ಟೀರಿಂಗಿನದು, ಬಣ್ಣದ ನೀರಿನಂತಿದ್ದರೆ ಕೂಲಂಟ್, ಬರಿಯ ನೀರಾದರೆ ಎಸಿಯದು. ಹಾಳೆ ಶುಭ್ರವಾಗಿದ್ದ ಮಾತ್ರಕ್ಕೆ ಸೋರಿಕೆಯಿಲ್ಲ ಎನ್ನಲಾಗದು, ಏಕೆಂದರೆ ಕೆಲವು ಸೋರಿಕೆಗಳು ಎಂಜಿನ್ ಓಡಿ ಒತ್ತಡ ಏರಿದಾಗ ಮಾತ್ರ ಹೊರಬರುತ್ತವೆ.

ಎಂಜಿನ್ನಿನ ಹೊರಮೈಯನ್ನು ಜಿಡ್ಡು ತೆಗೆಯುವ ದ್ರವದಿಂದ ತೊಳೆದು, ಒಣಗಿಸಿ, 20–30 ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನೋಡುತ್ತ ಬನ್ನಿರಿ. ಆಯಿಲ್ ಕೆಳಗೂ ಗಾಳಿಯ ಹೊಡೆತಕ್ಕೆ ಹಿಂದಕ್ಕೂ ಹರಿಯುವುದರಿಂದ, ಒದ್ದೆಯಾದ ಭಾಗದಲ್ಲಿ ಅತ್ಯಂತ ಮೇಲಿನ ಮತ್ತು ಮುಂದಿನ ಬಿಂದುವೇ ಮೂಲ. ಎಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಆಯಿಲ್ ಫಿಲ್ಟರಿನ ರಬ್ಬರ್ ಬಳೆ, ಆಯಿಲ್ ಪ್ರೆಷರ್ ಸ್ವಿಚ್, ಡ್ರೈನ್ ಬೋಲ್ಟಿನ ವಾಷರ್, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂಬದಿಯ ಸೀಲ್, ಸಂಪಿನ ಗ್ಯಾಸ್ಕೆಟ್ ಇವನ್ನು ಈ ಕ್ರಮದಲ್ಲಿ ಪರಿಶೀಲಿಸಬಹುದು. ಫಿಲ್ಟರ್ ಬದಲಿಸಿದ ಕೂಡಲೇ ಸೋರಿಕೆ ಆರಂಭವಾಗಿದ್ದರೆ, ಹಳೆಯ ಬಳೆ ಎಂಜಿನ್ನಿಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿರುವ ಸಾಧ್ಯತೆಯಿದೆ. ಕಣ್ಣಿಗೆ ಮೂಲ ಸಿಗದಿದ್ದರೆ ಆಯಿಲಿಗೆ ಬೆರೆಸುವ ಹೊಳೆಯುವ ಬಣ್ಣ ಮತ್ತು ಅತಿನೇರಳೆ ದೀಪ ಅದನ್ನು ತೋರಿಸಿಕೊಡುತ್ತವೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಆಯಿಲ್ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂಬದಿಯ ಸೀಲ್ ಹೋಗಿದೆ ಎಂದು ಹೇಳುವುದು ರೂಢಿ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಗುವುದರಿಂದ, ಒಪ್ಪಿಕೊಳ್ಳುವ ಮೊದಲು ಟ್ಯಾಪೆಟ್ ಕವರಿನಿಂದ ಹಿಂಬದಿಯಲ್ಲಿ ಇಳಿದ ಆಯಿಲ್ ಅಲ್ಲಿ ಸೇರುತ್ತಿಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆಯಿಲ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತಿದ್ದರೆ ಮಾತ್ರ ಕಾಯುವಂತಿಲ್ಲ; ಸುಟ್ಟ ವಾಸನೆಯಷ್ಟೇ ಅಲ್ಲ, ಬೆಂಕಿಯ ಅಪಾಯವೂ ಅಲ್ಲಿದೆ.

ಹಂತ 3: ಹೊಗೆ ಯಾವಾಗ ಬರುತ್ತದೆ ಎಂಬುದನ್ನು ನೋಡಿರಿ

ಆಯಿಲ್ ಉರಿದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ. ಬಣ್ಣಕ್ಕಿಂತಲೂ ಹೆಚ್ಚಿನ ಮಾಹಿತಿ ಸಿಗುವುದು ಅದು ಬರುವ ಸಮಯದಿಂದ. ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಮಿಷದೊಳಗೆ ನಿಂತುಹೋದರೆ, ಗಟ್ಟಿಯಾದ ವಾಲ್ವ್ ಸೀಲ್‌ಗಳ ಮೂಲಕ ರಾತ್ರಿ ಇಳಿದ ಆಯಿಲ್ ಅದು. ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ಹೊಗೆಯ ಮೋಡ ಎದ್ದರೂ ಬೆರಳು ವಾಲ್ವ್ ಸೀಲ್‌ಗಳತ್ತಲೇ ತೋರುತ್ತದೆ: ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿದ್ದಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಉಂಟಾಗುವ ತೀವ್ರ ನಿರ್ವಾತ ಸೀಲ್‌ಗಳ ಮೂಲಕ ಆಯಿಲನ್ನು ಎಳೆದುಕೊಂಡಿರುತ್ತದೆ. ಎಳೆತ ಹೆಚ್ಚಿದಷ್ಟೂ ಹೊಗೆ ಹೆಚ್ಚಾಗಿ, ಏರುದಾರಿಯಲ್ಲಿ ಬಿಡದೆ ಬಂದರೆ ರಿಂಗ್ ಅಥವಾ ಬೋರಿನ ಮೇಲೆ ಅನುಮಾನ ಪಡಬೇಕು.

ಆದರೆ ಹೊಗೆ ಕಾಣದಿದ್ದರೆ ಆಯಿಲ್ ಉರಿಯುತ್ತಿಲ್ಲ ಎಂದು ತಿಳಿಯಬಾರದು. ಚೆನ್ನಾಗಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸಾಕಷ್ಟು ಆಯಿಲ್ ಹೊಗೆಯನ್ನು ತಾನೇ ಉರಿಸಿಬಿಡುತ್ತದೆ, ಮತ್ತು ಆ ಉಪಕಾರಕ್ಕೆ ತನ್ನ ಆಯುಷ್ಯವನ್ನು ತೆರುತ್ತದೆ. ಆಯಿಲಿನಲ್ಲಿರುವ ರಂಜಕ ಕನ್ವರ್ಟರಿನ ಸಕ್ರಿಯ ಮೇಲ್ಮೈಯನ್ನು ಕ್ರಮೇಣ ನಿಷ್ಕ್ರಿಯಗೊಳಿಸುತ್ತದೆ. ಕಪ್ಪು ಹೊಗೆ ಹೆಚ್ಚಾದ ಇಂಧನದ್ದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆಗೆ ಸಿಹಿ ವಾಸನೆಯಿದ್ದರೆ ಕೂಲಂಟ್ ಉರಿಯುತ್ತಿದೆ ಎಂದರ್ಥ. ಹಳೆಯ ಕಾರು ಕೊಳ್ಳುವವರು ಈ ಕಾರಣಕ್ಕೇ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಮ್ಮೆ ಬರುವುದಾಗಿ ಹೇಳಿ ಹೊರಡುವುದು ಲೇಸು.

ಹಂತ 4: ಪಿಸಿವಿ ವ್ಯವಸ್ಥೆ

ರಿಂಗ್‌ಗಳು ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲದ ಸ್ವಲ್ಪ ಭಾಗ ಕ್ರ್ಯಾಂಕ್‌ಕೇಸಿಗೆ ಇಳಿದೇ ಇಳಿಯುತ್ತದೆ. ಅದನ್ನು ಹೊರಗೆ ಬಿಡದೆ ಮತ್ತೆ ಇನ್‌ಟೇಕಿಗೆ ಎಳೆದುಕೊಂಡು ಉರಿಸುವುದೇ ಪಿಸಿವಿ ವಾಲ್ವ್ ಮತ್ತು ಬ್ರೀದರ್ ಪೈಪುಗಳ ಕೆಲಸ. ವಾಲ್ವ್ ಮುಚ್ಚಿಹೋದರೆ ಒಳಗಿನ ಒತ್ತಡ ಏರಿ, ಸೀಲ್ ಮತ್ತು ಗ್ಯಾಸ್ಕೆಟ್‌ಗಳ ಮೂಲಕ ಆಯಿಲ್ ಹೊರಗೆ ನೂಕಲ್ಪಡುತ್ತದೆ. ತೆರೆದೇ ಉಳಿದರೆ, ಅಥವಾ ಅದರ ರಬ್ಬರ್ ಪೊರೆ ಹರಿದರೆ, ಇನ್‌ಟೇಕ್ ಆಯಿಲ್ ಹಬೆಯನ್ನು ಮಿತಿಮೀರಿ ಎಳೆದುಕೊಳ್ಳುತ್ತದೆ. ಹೀಗೆ ಒಂದು ಚಿಕ್ಕ ಭಾಗ ಸೋರಿಕೆಗೂ ಹೊಗೆಗೂ ಕಾರಣವಾಗಬಲ್ಲದು. ಸೀಲ್ ಬದಲಿಸಿದ ಮೇಲೂ ಸೋರಿಕೆ ಮರುಕಳಿಸುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಬಾಯಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿರಿ. ಹಾಳೆ ಮೃದುವಾಗಿ ಒಳಕ್ಕೆ ಎಳೆಯಲ್ಪಟ್ಟರೆ ವ್ಯವಸ್ಥೆ ಸರಿಯಿದೆ. ಹೊರಕ್ಕೆ ಉಬ್ಬಿದರೆ ಪೈಪ್ ಕಟ್ಟಿಕೊಂಡಿರಬಹುದು, ಅಥವಾ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವ, ರಿಂಗ್‌ಗಳ ಪಕ್ಕದಿಂದ ಇಳಿಯುವ ಅನಿಲವೇ ವಿಪರೀತವಾಗಿರಬಹುದು. ಮುಚ್ಚಳ ತೆಗೆಯುವುದೇ ಕಷ್ಟವಾಗುವಷ್ಟು ಬಿಗಿಯಾದ ಸೆಳೆತವಿದ್ದು ಸಿಳ್ಳೆಯಂಥ ಸದ್ದು ಬರುತ್ತಿದ್ದರೆ ಪೊರೆ ಹರಿದಿದೆ. ಬಿಡಿ ವಾಲ್ವ್ ಇರುವ ಹಳೆಯ ಎಂಜಿನ್‌ಗಳಲ್ಲಿ ಅದನ್ನು ಬಿಚ್ಚಿ ಅಲುಗಾಡಿಸಿದಾಗ ಒಳಗೆ ಕಟಕಟ ಸದ್ದಾಗಬೇಕು. ಆಗದಿದ್ದರೆ ತೊಳೆಯುವುದಕ್ಕಿಂತ ಹೊಸದನ್ನು ಹಾಕುವುದೇ ಮೇಲು. ಬದಲಿಸಿದ ನಂತರ ಮತ್ತೆ 1,000 ಕಿಲೋಮೀಟರಿನ ಅಳತೆ ಮಾಡಿ. ಬಳಕೆ ಇಳಿದಿದ್ದರೆ ಮುಂದಿನ ಹಂತಗಳ ಅಗತ್ಯವಿಲ್ಲ.

ಹಂತ 5: ಸಿಲಿಂಡರಿನೊಳಗೆ ಪರೀಕ್ಷೆ

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಗುರುತಿಸಿ ಸಾಲಾಗಿ ಇಡಿ. ಒಂದೇ ಪ್ಲಗ್ ಜಿಡ್ಡಿನಿಂದ ಕಪ್ಪಾಗಿದ್ದರೆ ತೊಂದರೆ ಆ ಸಿಲಿಂಡರಿಗೆ ಸೀಮಿತ. ಎಲ್ಲವೂ ಒಂದೇ ರೀತಿ ಒದ್ದೆಯಾಗಿದ್ದರೆ ಪಿಸಿವಿ, ಟರ್ಬೊ ಅಥವಾ ಎಲ್ಲ ರಿಂಗ್‌ಗಳು. ಆದರೆ ಪ್ಲಗ್ಗಿನ ಹೊರಭಾಗ ಮಾತ್ರ ಆಯಿಲಿನಲ್ಲಿ ಮುಳುಗಿದ್ದರೆ ಅದು ಉರಿಯುವ ಆಯಿಲ್ ಅಲ್ಲ, ಪ್ಲಗ್ ಗುಂಡಿಯ ಸೀಲ್ ಸೋರುತ್ತಿದೆ ಅಷ್ಟೆ.

ಅನಂತರ ಕಂಪ್ರೆಷನ್ ಪರೀಕ್ಷೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಕಟ್ಟುತ್ತದೆ ಎಂಬುದರ ಅಳತೆ. ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಪ್ಲಗ್‌ಗಳೂ ಹೊರಗಿರಬೇಕು, ಇಂಧನ ಮತ್ತು ಇಗ್ನಿಷನ್ ಕಡಿದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ ಬರುತ್ತದೆ, ಡೀಸೆಲ್‌ನಲ್ಲಿ ಅದರ ದುಪ್ಪಟ್ಟಿನಷ್ಟು. ನಿಖರವಾದ ಅಂಕಿ ಆಯಾ ಎಂಜಿನ್ನಿನ ಕೈಪಿಡಿಯದು. ಸಿಲಿಂಡರುಗಳ ನಡುವಿನ ವ್ಯತ್ಯಾಸ ನೂರಕ್ಕೆ 10–15ನ್ನು ಮೀರಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ಬಂದ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಗಮನಾರ್ಹವಾಗಿ ಏರಿದರೆ ರಿಂಗ್ ಸೋರುತ್ತಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಸಿಲಿಂಡರಿಗೆ ಗಾಳಿ ತುಂಬಿ ಮಾಡುವ ಲೀಕ್‌ಡೌನ್ ಪರೀಕ್ಷೆ ಇನ್ನೂ ಸ್ಪಷ್ಟ: ಗಾಳಿಯ ಸದ್ದು ಆಯಿಲ್ ಮುಚ್ಚಳದಲ್ಲಿ ಕೇಳಿದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಇನ್‌ಟೇಕಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಈ ಎರಡೂ ಪರೀಕ್ಷೆಗಳಿಗೆ ಒಂದು ಮಿತಿಯಿದೆ. ಅವು ಅಳೆಯುವುದು ಮೇಲಿನ ಎರಡು ರಿಂಗ್‌ಗಳನ್ನು. ಆಯಿಲ್ ರಿಂಗ್ ಪೂರ್ತಿ ಅಂಟಿಕೊಂಡಿದ್ದರೂ ಕಂಪ್ರೆಷನ್ ಹೊಸದರಂತೆ ಬರಬಹುದು. ಆದ್ದರಿಂದ “ಕಂಪ್ರೆಷನ್ ಚೆನ್ನಾಗಿದೆ, ರಿಂಗ್‌ನಲ್ಲಿ ತೊಂದರೆಯಿಲ್ಲ” ಎಂಬ ಮಾತು ಅರ್ಧ ಸತ್ಯ. ಪ್ಲಗ್ ರಂಧ್ರದಿಂದ ಪುಟ್ಟ ಕ್ಯಾಮೆರಾ ಇಳಿಸಿ ನೋಡಿದರೆ ಉಳಿದರ್ಧ ತಿಳಿಯುತ್ತದೆ: ಪಿಸ್ಟನ್ ತಲೆಯ ಅಂಚು ಸುತ್ತಲೂ ತೊಳೆದಂತೆ ಶುಭ್ರವಾಗಿದ್ದು ನಡುವೆ ಕಪ್ಪಿದ್ದರೆ ಆಯಿಲ್ ಕೆಳಗಿನಿಂದ ಬರುತ್ತಿದೆ.

ಟರ್ಬೊ ಇದ್ದರೆ, ಅದರಿಂದ ಹೊರಡುವ ಗಾಳಿಯ ಪೈಪನ್ನೂ ಬಿಚ್ಚಿ ನೋಡಿ. ತೆಳುವಾದ ಜಿಡ್ಡು ಸಹಜ, ಆಯಿಲ್ ನಿಂತಿರುವುದು ಸಹಜವಲ್ಲ. ಹಾಗೆಂದು ಟರ್ಬೊ ಬದಲಿಸಲು ಮುಂದಾಗುವ ಮೊದಲು ಅದರ ಆಯಿಲ್ ಹಿಂದಿರುಗುವ ಪೈಪ್ ಕಟ್ಟಿಕೊಂಡಿದೆಯೇ, ಕ್ರ್ಯಾಂಕ್‌ಕೇಸಿನ ಒತ್ತಡ ಹೆಚ್ಚಿದೆಯೇ ಎಂದು ಪರೀಕ್ಷಿಸಬೇಕು. ಡೀಸೆಲ್ ಎಂಜಿನ್‌ಗಳಲ್ಲಿ ಈ ಸೋರಿಕೆಯನ್ನು ಕಡೆಗಣಿಸುವುದು ಅಪಾಯಕರ, ಏಕೆಂದರೆ ಅವು ತಮ್ಮದೇ ಆಯಿಲನ್ನು ಇಂಧನವಾಗಿಸಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ, ವೇಗವೇರುತ್ತ ಸಿಡಿಯುವವರೆಗೂ ಓಡಬಲ್ಲವು.

ಹಂತ 6: ಪರಿಹಾರ, ಹಗುರವಾದದ್ದರಿಂದ ಆರಂಭಿಸಿ

ಮೊದಲನೆಯದು ಸರಿಯಾದ ಆಯಿಲ್. 5ಡಬ್ಲ್ಯು-30 ಎಂಬಲ್ಲಿ ಮೊದಲ ಭಾಗ ಚಳಿಯಲ್ಲಿನ ಹರಿವನ್ನೂ 30 ಎಂಬುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಯ ದರ್ಜೆಯನ್ನೂ ಸೂಚಿಸುತ್ತದೆ. ಕೈಪಿಡಿ ಒಪ್ಪುವುದಾದರೆ 30ರಿಂದ 40ಕ್ಕೆ ಒಂದು ಮೆಟ್ಟಿಲು ಏರುವುದರಿಂದ ಬಳಕೆ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ದಪ್ಪನೆಯದು ಬೇಡ: ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ಆಯಿಲಿನ ಹರಿವನ್ನೇ ನಂಬಿದೆ, ಅಂಟಿದ ರಿಂಗನ್ನು ದಪ್ಪ ಆಯಿಲ್ ಬಿಡಿಸುವುದೂ ಇಲ್ಲ. ಹೆಚ್ಚು ಓಡಿದ ಎಂಜಿನ್‌ಗಳಿಗೆಂದೇ ಮಾರುವ ಆಯಿಲ್‌ಗಳಲ್ಲಿ ರಬ್ಬರ್ ಸೀಲ್‌ಗಳನ್ನು ಮೆದುಗೊಳಿಸುವ ಅಂಶವಿರುತ್ತದೆ. ಸಣ್ಣ ಜಿನುಗುವಿಕೆಗೆ ಅವು ನೆರವಾಗುತ್ತವೆ. ಹೊಗೆ ನಿಲ್ಲಿಸುವುದಾಗಿ ಹೇಳುವ ಜೇನಿನಂಥ ದಪ್ಪ ದ್ರವಗಳು ಲಕ್ಷಣವನ್ನು ಮುಚ್ಚುತ್ತವೆಯೇ ವಿನಾ ಕಾರಣವನ್ನು ಮುಟ್ಟುವುದಿಲ್ಲ.

ರಿಂಗ್ ಅಂಟಿದೆ ಎಂಬ ಅನುಮಾನವಿದ್ದರೆ, ಮಾರ್ಜಕ ಗುಣವುಳ್ಳ ಉತ್ತಮ ಆಯಿಲನ್ನು 3,000ದಿಂದ 5,000 ಕಿಲೋಮೀಟರಿಗೊಮ್ಮೆ ಫಿಲ್ಟರ್ ಸಮೇತ ಎರಡು ಮೂರು ಸಲ ಬದಲಿಸಿ ನೋಡುವುದು ಸುರಕ್ಷಿತ ದಾರಿ. ಸಂಪ್ ತುಂಬ ಕೆಸರಿನಂಥ ಮಡ್ಡಿ ಇರುವ ಎಂಜಿನ್ನಿಗೆ ತೀಕ್ಷ್ಣವಾದ ಫ್ಲಶ್ ದ್ರವ ಹಾಕಬಾರದು. ಕಳಚಿದ ಮಡ್ಡಿ ಆಯಿಲ್ ಪಂಪಿನ ಜಾಲರಿಗೆ ಅಡ್ಡವಾದರೆ ಬೇರಿಂಗ್‌ಗಳೇ ಹೋಗುತ್ತವೆ. ಆಯಿಲ್ ಬದಲಿಸುವುದರಿಂದ ರಿಂಗ್ ಬಿಡದಿದ್ದರೆ, ಪಿಸ್ಟನ್‌ಗಳನ್ನು ನಡುಮಟ್ಟಕ್ಕೆ ತಂದು, ಪ್ಲಗ್ ರಂಧ್ರಗಳಿಂದ ಕರಕಲು ಕರಗಿಸುವ ದ್ರವ ಸುರಿದು ಹಲವು ಗಂಟೆ ನೆನೆಸುವ ವಿಧಾನವಿದೆ. ನೆನೆಸಿದ ನಂತರ ಉಳಿದ ದ್ರವವನ್ನು ಹೀರಿ ತೆಗೆದು, ಪ್ಲಗ್‌ಗಳನ್ನು ಹಾಕದೆಯೇ ಎಂಜಿನ್ ತಿರುಗಿಸಬೇಕು, ಏಕೆಂದರೆ ಸಿಲಿಂಡರಿನಲ್ಲಿ ದ್ರವ ಉಳಿದಿರುವಾಗ ಪ್ಲಗ್ ಹಾಕಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಎಲ್ಲ ಎಂಜಿನ್‌ಗಳಲ್ಲೂ ಫಲ ಸಿಗುವುದಿಲ್ಲ, ಆದರೂ ಬಿಚ್ಚುವ ಮೊದಲು ಒಮ್ಮೆ ಪ್ರಯತ್ನಿಸಲು ಯೋಗ್ಯವಾದ ಉಪಾಯವಿದು.

ವಾಲ್ವ್ ಸೀಲ್‌ಗಳನ್ನು ಹಲವು ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಬದಲಿಸಬಹುದು. ಪ್ಲಗ್ ರಂಧ್ರದಿಂದ ಗಾಳಿಯ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದಿಡುತ್ತಾರೆ. ಹೆಡ್ ಬಿಚ್ಚಲೇಬೇಕು ಎನ್ನುವವರನ್ನು ಈ ವಿಧಾನ ನಿಮ್ಮ ಎಂಜಿನ್ನಿಗೆ ಏಕೆ ಒಗ್ಗುವುದಿಲ್ಲ ಎಂದು ಕೇಳಿ. ರಿಂಗ್ ಕೆಲಸಕ್ಕೆ ಮಾತ್ರ ಪಿಸ್ಟನ್ ಹೊರಬರಲೇಬೇಕು. ಆಗ ಬೋರಿನ ಸವೆತವನ್ನು ಅಳೆಯದೆ, ಹೊಳಪೇರಿದ ಗೋಡೆಯನ್ನು ಉಜ್ಜಿ ಸಣ್ಣ ಗೆರೆ ಮೂಡಿಸುವ ಹೋನಿಂಗ್ ಮಾಡದೆ, ಪಿಸ್ಟನ್ನಿನ ರಂಧ್ರಗಳನ್ನು ಬಿಡಿಸದೆ ಹೊಸ ರಿಂಗ್ ಹಾಕಿದರೆ ಹಳೆಯ ತೊಂದರೆಯೇ ಮರಳುತ್ತದೆ.

ಕಾಯದೆ ನಿಲ್ಲಿಸಬೇಕಾದ ಸಂದರ್ಭಗಳು

ಕೆಂಪು ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗ್‌ಗಳಿಗೆ ಆಯಿಲ್ ತಲುಪುವುದು ನಿಂತಿರಬಹುದು; ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಬೇಕು, ಗ್ಯಾರೇಜಿನವರೆಗೆ ಓಡಿಸಬಾರದು. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕೆಳಗಿನಿಂದ ಕೇಳುವ ದಪ್ಪನೆಯ ಬಡಿತವೂ ಹಾಗೆಯೇ. ತಣ್ಣಗಿನ ಸ್ಟಾರ್ಟಿನಲ್ಲಿ ಕೆಲವು ಕ್ಷಣ ಬರುವ ಸರಪಳಿಯ ಗಲಗಲ ಸದ್ದು ಮಾತ್ರ ಸ್ವಲ್ಪ ಬಿಡುವು ಕೊಡುತ್ತದೆ. ಆಯಿಲ್ ಕಡಿಮೆಯಾದ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನಿನ ಬಿಗಿಕಾರಕ ಮೊದಲು ಸೋಲುವುದರಿಂದ, ಅಂದೇ ಮಟ್ಟ ನೋಡಿ.

ಮುಚ್ಚಳದಡಿ ಹಾಲಿನ ಕೆನೆಯಂಥ ನೊರೆ ಕಂಡರೆ ಗಾಬರಿಗೆ ಮುನ್ನ ಡಿಪ್‌ಸ್ಟಿಕ್ ನೋಡಿ. ಅಲ್ಲಿ ಆಯಿಲ್ ಶುಭ್ರವಾಗಿದ್ದು ಕೂಲಂಟ್ ಮಟ್ಟವೂ ಇಳಿಯದಿದ್ದರೆ ಅದು ಚಿಕ್ಕ ಓಡಾಟಗಳಿಂದ ಸಾಂದ್ರೀಕರಿಸಿದ ನೀರು. ಡಿಪ್‌ಸ್ಟಿಕ್‌ನಲ್ಲೂ ನೊರೆಯಿದ್ದು ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಒಡೆದಿದೆ, ಕಾರನ್ನು ಓಡಿಸಬಾರದು.

ಬಿಚ್ಚುವುದು ಬೇಡವೆಂದಾದರೆ

ಬಳಕೆ ತಿಂಗಳುಗಳಿಂದ ಒಂದೇ ದರದಲ್ಲಿದ್ದು, ಒತ್ತಡ ಮತ್ತು ಕಂಪ್ರೆಷನ್ ಸರಿಯಿದ್ದರೆ, ಟಾಪ್ ಅಪ್ ಮಾಡುತ್ತ ಓಡಿಸುವುದು ಅವಮಾನದ ಸಂಗತಿಯಲ್ಲ. ರಿಂಗ್ ಕೆಲಸದ ಖರ್ಚು ಕಾರಿನ ಬೆಲೆಯನ್ನು ಸಮೀಪಿಸುವಲ್ಲಿ ಅದೇ ವಿವೇಕದ ದಾರಿ. ಅದಕ್ಕೆ 500 ಕಿಲೋಮೀಟರಿಗೊಮ್ಮೆ ಡಿಪ್‌ಸ್ಟಿಕ್ ನೋಡಬೇಕು, ಅದೇ ದರ್ಜೆಯ 1 ಲೀಟರ್ ಆಯಿಲ್ ಕಾರಿನಲ್ಲಿಟ್ಟಿರಬೇಕು ಮತ್ತು ಸ್ವಲ್ಪ ಸ್ವಲ್ಪವೇ ಹಾಕಬೇಕು. ಮೇಲಿನ ಗುರುತನ್ನು ದಾಟಿಸಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ನೊರೆಯೆಬ್ಬಿಸಿ, ಬ್ರೀದರ್ ಮೂಲಕ ಇನ್ನಷ್ಟು ಉರಿಸುತ್ತದೆ. ಆಗಾಗ ಹೊಸದನ್ನು ಸೇರಿಸುತ್ತಿರುವುದರಿಂದ ಪೂರ್ತಿ ಬದಲಾವಣೆ ಬೇಡ ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಹಳೆಯ ಮಡ್ಡಿಯೂ ಹಳೆಯ ಫಿಲ್ಟರೂ ಅಲ್ಲೇ ಇರುತ್ತವೆ. ಹಾಕಿದ ಪ್ರಮಾಣವನ್ನು ಪ್ರತಿ ಸಲವೂ ಬರೆಯಿರಿ. ದರ ಇದ್ದಕ್ಕಿದ್ದಂತೆ ಎರಡು ಪಟ್ಟಾದರೆ, ಎಂಜಿನ್ ಲೈಟ್ ಹತ್ತಿದರೆ, ಅಥವಾ ಒಂದು ಪ್ಲಗ್ ಪದೇ ಪದೇ ಕೈಕೊಡತೊಡಗಿದರೆ ನಾಲ್ಕನೆಯ ಹಂತದಿಂದ ಪರೀಕ್ಷೆಯನ್ನು ಮತ್ತೆ ಆರಂಭಿಸಬೇಕು.